ಹಾರಿದ ಹಪ್ಪಳ, ಸೊನ್ನೆ ಬಿಲ್ಲು

ಸೆಪ್ಟೆಂಬರ್ ಕೊನೆಯ ವಾರ ಮೀಟರ್ ನೋಡುವ ಹುಡುಗ ಬಂದು, ಅಂಗಳದಲ್ಲೇ ನಿಂತು, ಕೈಯಲ್ಲಿದ್ದ ಯಂತ್ರದಿಂದ ಉದ್ದನೆಯ ಚೀಟಿ ಹರಿದು ಕೊಟ್ಟ. 402 ಯೂನಿಟ್. ಎರಡು ತಿಂಗಳ ಬಿಲ್ಲು ಎರಡೂವರೆ ಸಾವಿರದ ಆಸುಪಾಸು. ನಮ್ಮ ಮನೆಗೆ ಇದೇನೂ ಬೆಚ್ಚಿಬೀಳುವ ಮೊತ್ತವಲ್ಲ. ಚೀಟಿಯನ್ನು ಕ್ಯಾಲೆಂಡರಿನ ಮೊಳೆಗೆ ಚುಚ್ಚಿ ಸುಮ್ಮನಾಗಿದ್ದೆ. ಸಂಜೆ ಮೈಸೂರಿನಿಂದ ತಂಗಿ ತನ್ನ ಮನೆಯ ಬಿಲ್ಲಿನ ಫೋಟೊ ಕಳಿಸಿದಳು. ಕಟ್ಟಬೇಕಾದ ಮೊತ್ತದ ಜಾಗದಲ್ಲಿ ಸೊನ್ನೆ, ಅದರ ಸುತ್ತ ಕೆಂಪು ಶಾಯಿಯಲ್ಲಿ ಇನ್ನೊಂದು ಸೊನ್ನೆ. ಕೆಳಗೆ ಬರೆದಿದ್ದಳು: “ಅಣ್ಣಾ, ಈ ತಿಂಗಳೂ ನಮಗೆ ಏನೂ ಇಲ್ಲ. ನೀನು ಅಲ್ಲಿ ಹಪ್ಪಳ ಸುಡುವುದಕ್ಕೂ ಕರೆಂಟಿನ ದುಡ್ಡು ಕಟ್ಟುತ್ತಿದ್ದೀಯಾ?”

ತಮಾಷೆಯ ಮಾತು. ಆದರೆ ಹದಿನಾರು ವರ್ಷದಿಂದ ಊರ ಹೊರಗಿರುವವನಿಗೆ ಊರಿನ ತಮಾಷೆ ಸ್ವಲ್ಪ ಆಳಕ್ಕೇ ಇಳಿಯುತ್ತದೆ.

ಬ್ಯಾಂಕಿನ ಕೆಲಸಕ್ಕೆಂದು 2009ರಲ್ಲಿ ಕಾಸರಗೋಡಿಗೆ ಬಂದವನು ನಾನು. ಮದುವೆಯಾಗಿ, ಬದಿಯಡ್ಕದ ಹತ್ತಿರದ ತೋಟದ ಮನೆಯಲ್ಲಿ ಅಳಿಯನಾಗಿ ಉಳಿದೆ. ಹೊರನಾಡು ಎಂಬ ಮಾತು ಕೇಳಿದರೆ ನನ್ನ ಮಾವನಿಗೆ ಸಿಟ್ಟು. ಅವರು ಹುಟ್ಟಿದ್ದು ಇದೇ ಮನೆಯಲ್ಲಿ, 1951ರಲ್ಲಿ. ಆಗ ಇದು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ. 1956ರ ನವೆಂಬರ್ 1ರಂದು ಬೆಳಗಾಗುವಾಗ ಕೇರಳ. “ಹೊರನಾಡಿನವರು ನೀವು, ನಾನಲ್ಲ” ಎನ್ನುತ್ತಾರೆ. ಒಪ್ಪಿಕೊಂಡಿದ್ದೇನೆ. ಈ ಮನೆಯಲ್ಲಿ ಹೊರನಾಡ ಕನ್ನಡಿಗ ನಾನೊಬ್ಬನೇ.

ತಂಗಿ ಹೇಳಿದ ಹಪ್ಪಳದ ಕಥೆ ಶುರುವಾದದ್ದು ತುಳುವರ ಆಟಿ ತಿಂಗಳಲ್ಲಿ. 2025ರ ಆ ಮಳೆಗಾಲದಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿತ್ತು. ಮನೆಯದೇ ಕೊಬ್ಬರಿ ಇದೆ, ನಿಜ. ಆದರೆ ಅಂಥ ಬೆಲೆ ಬಂದಾಗ ಮಾರುವುದನ್ನು ಬಿಟ್ಟು ಬಾಣಲೆಗೆ ಸುರಿಯಲು ಯಾರಿಗೆ ಮನಸ್ಸು ಬರುತ್ತದೆ? ಬೇಸಿಗೆಯಲ್ಲಿ ತಟ್ಟಿದ ಹಲಸಿನ ಹಪ್ಪಳ ಎರಡು ಡಬ್ಬಿ ತುಂಬ ಇತ್ತು. ಬಚ್ಚಲೊಲೆಯ ಕೆಂಡದಲ್ಲಿ ಸುಟ್ಟು ಕೊಟ್ಟರೆ ಮಕ್ಕಳು ಅಂಚು ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದರು. ಅತ್ತೆ ಡಬ್ಬಿಯ ಮುಚ್ಚಳ ಹಾಕುತ್ತಾ, “ಈ ವರ್ಷ ಹಪ್ಪಳ ನೋಡುವುದಕ್ಕೆ ಮಾತ್ರ” ಎಂದರು. ಮರುದಿನ ನಾನು ಏರ್ ಫ್ರೈಯರ್ ಓವನ್ ನೋಡಲು ಪೇಟೆಗೆ ಹೋದೆ.

ಅಂಗಡಿಯವರು ಹದಿನೆಂಟು ವರ್ಷ ಶಾರ್ಜಾದ ಕೆಫೆಟೇರಿಯಾದಲ್ಲಿ ದುಡಿದು ಬಂದವರು. ಒಬ್ಬರಿಗೆ ಮಲಯಾಳದಲ್ಲಿ, ಇನ್ನೊಬ್ಬರಿಗೆ ತುಳುವಿನಲ್ಲಿ ಉತ್ತರಿಸುತ್ತಲೇ ನನ್ನ ಮುಖ ನೋಡಿ ಕನ್ನಡಕ್ಕೆ ಬಂದರು. ನಾನು ಬೆರಳು ಮಾಡಿದ್ದು 30 ಲೀಟರಿನ ದೊಡ್ಡದಕ್ಕೆ. ಹೊಳೆಯುವ ಬಾಗಿಲು, ಮುಂದೆ ಹದಿನಾರು ಚಿತ್ರಗಳು, ಒಳಗೆ ತಿರುಗುವ ಕಂಬಿ.

“ಮನೆಯಲ್ಲಿ ಕೋಳಿ ಉಂಟಾ ಸಾರ್?”

ಇಲ್ಲ ಎಂದೆ.

“ಹಾಗಾದರೆ ಆ ಕಂಬಿಗೆ ಏನನ್ನು ಚುಚ್ಚುತ್ತೀರಿ, ಸೋರೆಕಾಯಿಯನ್ನಾ?”

ಆಮೇಲೆ ಅವರು ಕೇಳಿದ ಪ್ರಶ್ನೆಗಳಲ್ಲಿ ಯಂತ್ರದ ಮಾತೇ ಕಡಿಮೆ. ಊಟಕ್ಕೆ ಎಷ್ಟು ಜನ? ಎಣ್ಣೆಯಲ್ಲಿ ಏನೇನು ಕರಿಯುತ್ತೀರಿ, ಹಿಟ್ಟಿನಲ್ಲಿ ಅದ್ದಿದ್ದೋ ಒಣಗಿದ್ದೋ? ಅಡುಗೆಕೋಣೆಯಲ್ಲಿ 16 ಆಂಪಿಯರಿನ ದೊಡ್ಡ ಸಾಕೆಟ್ ಇದೆಯೇ? 1600 ವಾಟಿನ ಓವನ್ ಏಳು ಆಂಪಿಯರ್ ಎಳೆಯುತ್ತದೆ. ಮಿಕ್ಸಿಯ 6 ಆಂಪಿಯರ್ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ ಹಾಕಿದರೆ ಪದಾರ್ಥಕ್ಕಿಂತ ಮೊದಲು ಗೋಡೆ ಬೇಯುತ್ತದೆ ಎಂದರು. ಹದಿನಾರು ಚಿತ್ರಗಳ ವಿಚಾರ ಕೇಳಿದೆ. “ಅಷ್ಟಕ್ಕೂ ಇರುವುದು ಅದೇ ಕಾಯಿಲ್, ಅದೇ ಫ್ಯಾನ್. ಶಾಖ ಎಷ್ಟು, ಹೊತ್ತು ಎಷ್ಟು, ಅದು ಮಾತ್ರ ಬದಲಾಗುತ್ತದೆ. ಚಿತ್ರಕ್ಕೆ ಯಾಕೆ ಹಣ ಕೊಡುತ್ತೀರಿ? 60 ಡಿಗ್ರಿಗೆ ಇಳಿಯುತ್ತದಾ ನೋಡಿ. ನಮ್ಮ ಮಳೆಗೆ ಒಣಗಿಸುವ ಶಾಖವೇ ಮುಖ್ಯ.” ಕೊನೆಗೆ, ಪ್ಲಗ್ ಹಾಕದ ಓವನಿನ ಬಾಗಿಲು ತೆರೆದು ನನ್ನ ಕೈಯನ್ನು ಒಳಗೆ ಹಾಕಿಸಿದರು. ಮೇಲಿನ ಕಾಯಿಲ್ ಬೆರಳಿಗೆ ಸಿಗಬೇಕು, ಬಟ್ಟೆ ಹಿಡಿದು ಒರೆಸಲು ಆಗಬೇಕು. ಆಗದಿದ್ದರೆ ಜಿಡ್ಡು ಕೂತು ಪ್ರತಿ ಸಲವೂ ಹೊಗೆ. ದೊಡ್ಡದರಲ್ಲಿ ಮುಂದೆ ಒಂದು ತಗಡು ಅಡ್ಡವಿತ್ತು, ನನ್ನ ಬೆರಳು ಅಲ್ಲಿಗೇ ನಿಂತಿತು. 23 ಲೀಟರಿನ, ಎರಡು ನಾಬ್ ಇರುವ ಸಾದಾ ಓವನ್ ಹಿಡಿದುಕೊಂಡು ಮನೆಗೆ ಬಂದೆ. ಗಿರಾಕಿ ತೋರಿಸಿದ್ದಕ್ಕಿಂತ ಕಡಿಮೆ ಬೆಲೆಯದನ್ನು ಅಂಗಡಿಯವರೇ ಒತ್ತಾಯಿಸಿ ಕೊಟ್ಟದ್ದನ್ನು ನಾನು ಮೈಸೂರಿನಲ್ಲಿ ಕಂಡಿಲ್ಲ.

ಮೊದಲ ಹಪ್ಪಳ ಹಾರಿತು.

ದೋಸೆಕಾವಲಿಗೆ ಎಣ್ಣೆ ಸವರುವ ಬಾಳೆದಂಟಿನ ತುಂಡಿನಿಂದ ಎರಡೂ ಬದಿಗೆ ತೆಳ್ಳಗೆ ಸವರಿ, 180 ಡಿಗ್ರಿಗೆ ಕಾಯಿಸಿದ ಓವನಿನಲ್ಲಿ ಮೂರು ಹಪ್ಪಳ ಇಟ್ಟೆವು. ಗಾಜಿನ ಮುಂದೆ ಮಕ್ಕಳು, ಅವರ ಹಿಂದೆ ಅತ್ತೆ. ಫ್ಯಾನಿನ ಗಾಳಿಗೆ ನಡುವಿನದು ಒಮ್ಮೆ ಅಂಚು ಎತ್ತಿತು, ಇನ್ನೊಮ್ಮೆ ಎತ್ತಿತು, ಆಮೇಲೆ ಪೂರ್ತಿ ಎದ್ದು ಮೇಲಿನ ಕಾಯಿಲಿಗೆ ಅಂಟಿಕೊಂಡಿತು. ಕ್ಷಣದಲ್ಲಿ ಕಪ್ಪು, ಹೊಗೆ, ಸುಟ್ಟ ಬೆಲ್ಲದಂಥ ವಾಸನೆ. ಮಕ್ಕಳು ಚಪ್ಪಾಳೆ ತಟ್ಟಿದರು. ಸ್ವಿಚ್ ಆರಿಸಿ, ಎಲ್ಲ ತಣಿದ ಮೇಲೆ ಅತ್ತೆ ಏನೂ ಹೇಳದೆ ಓವನಿನ ಇನ್ನೊಂದು ಕಂಬಿಜಾಲರಿಯನ್ನು ಎತ್ತಿ, ಕವುಚಿ, ಹಪ್ಪಳಗಳ ಮೇಲೆ ಇಟ್ಟರು. ಅಂಗಳದಲ್ಲಿ ಒಣಹಾಕಿದ ಹಪ್ಪಳವನ್ನು ಕಾಗೆ ಒಯ್ಯದಂತೆ ಬಲೆ ಹೊದಿಸಿ ಐವತ್ತು ವರ್ಷ ಅಭ್ಯಾಸವಿದ್ದವರು. ಎರಡು ನಿಮಿಷಕ್ಕೆ ತೆಗೆದೆವು. ಹಲಸಿನ ಸಿಹಿ ಇರುವುದರಿಂದ ಇನ್ನರ್ಧ ನಿಮಿಷ ಬಿಟ್ಟಿದ್ದರೆ ಕಹಿಯಾಗುತ್ತಿತ್ತು. ಅತ್ತೆಯ ತೀರ್ಪು: ಕೆಂಡದ್ದಕ್ಕಿಂತ ಮೇಲು, ಬಾಣಲೆಯದಕ್ಕಿಂತ ಕೆಳಗೆ. ಇಪ್ಪತ್ತು ಹಪ್ಪಳಕ್ಕೆ ಖರ್ಚಾದದ್ದು ಎರಡು ಚಮಚ ಎಣ್ಣೆ.

ಗೋಳಿಬಜೆ ಮಾಡಹೋಗಿ ಹಿಟ್ಟೆಲ್ಲ ಜಾಲರಿಯ ಸಂದಿನಿಂದ ಕೆಳಗಿನ ತಟ್ಟೆಗೆ ಇಳಿಯಿತು; ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗಡಿಯವರು ಅದ್ದಿದ್ದೋ ಒಣಗಿದ್ದೋ ಎಂದು ಕೇಳಿದ್ದು ಯಾಕೆಂದು ಅಂದು ತಿಳಿಯಿತು. ಬೇಯಿಸಿ ಕತ್ತರಿಸಿದ ಪತ್ರೊಡೆಗೆ ಎಣ್ಣೆ ಸವರಿ ಇಟ್ಟರೆ ಮಾತ್ರ ಅಂಚು ಗರಿಗರಿಯಾಗಿ ಬಾಣಲೆಯನ್ನೇ ನಾಚಿಸುತ್ತದೆ. ಮಳೆಗೆ ಮೆತ್ತಗಾದ ಸಾಂತಾಣಿ, ಎಂದರೆ ಬೇಯಿಸಿ ಒಣಗಿಸಿದ ಹಲಸಿನ ಬೀಜ, 60 ಡಿಗ್ರಿಯಲ್ಲಿ ಮತ್ತೆ ಗಟ್ಟಿಯಾಯಿತು. ಅದನ್ನು ಕಂಡು ಮಾವ, “ಅಡಿಕೆ ಒಣಗುತ್ತದೆಯೇ?” ಎಂದು ಕೇಳಿದರು. ಬಿಸಿಲಿನಲ್ಲಿ ಒಂದೂವರೆ ತಿಂಗಳು ಒಣಗುವ ಅಡಿಕೆಯನ್ನು ತಟ್ಟೆಗೆ ಐವತ್ತರಂತೆ ಒಣಗಿಸಿದರೆ ಬಿಲ್ಲು ಎಷ್ಟಾದೀತು ಎಂದು ಅವರೇ ಲೆಕ್ಕ ಹಾಕಿ ನಕ್ಕರು.

ಲೆಕ್ಕ ಅವರಿಗೆ ಹೊಸದಲ್ಲ. ಇಲ್ಲಿ ತಿಂಗಳಿಗೆ 250 ಯೂನಿಟ್ ಒಳಗಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ದರ. ಅದನ್ನು ದಾಟಿದರೆ ಮೊದಲ ಯೂನಿಟ್ಟಿನಿಂದಲೇ ಹೆಚ್ಚಿನ ದರ. ಓವನ್ ಬಂದ ದಿನವೇ ಮಾವ ಕ್ಯಾಲೆಂಡರಿನ ಹಿಂದೆ ಬರೆದರು: ದಿನಕ್ಕೆ ಅರ್ಧ ಗಂಟೆ, ಅರುವತ್ತು ದಿನಕ್ಕೆ ಹೆಚ್ಚೆಂದರೆ 48 ಯೂನಿಟ್. ಸಂಜೆ ಆರರಿಂದ ಹತ್ತರವರೆಗೆ ಹಚ್ಚಬಾರದು, ಆಗ ಊರಿಡೀ ದೀಪ ಹಚ್ಚುವ ಹೊತ್ತು. ಇಷ್ಟು ಕಟ್ಟಳೆ ಮಾಡಿದ ಮೇಲೆ ಓವನ್ ದಿನವೂ ಉರಿಯುತ್ತದೆ. ಯಾರಿಗೂ ಅಳುಕಿಲ್ಲ. ನೆರೆಮನೆಯವರದೂ ಹೀಗೆಯೇ. ಗಲ್ಫಿನಲ್ಲಿರುವ ಯಜಮಾನರು ತಂದ ಏರ್ ಫ್ರೈಯರ್ ಅವರ ಅಡುಗೆಕಟ್ಟೆಯ ಮೇಲೆ ಎಂಟು ವರ್ಷದಿಂದ ಇದೆ. ಹಿಡಿಕೆಗೆ ತಂತಿ ಸುತ್ತಿದ್ದಾರೆ, ಅಂಕಿಗಳು ಅಳಿಸಿಹೋಗಿವೆ. ರಮ್ಜಾನ್ ತಿಂಗಳಿಡೀ ಸಮೋಸ ಅದರಲ್ಲೇ. ತೇವ ಒರೆಸಿ ಹಾಕಿ, ಒಂದರ ಮೇಲೊಂದು ಹೇರಬೇಡಿ, ನಡುವೆ ಒಮ್ಮೆ ಮಗುಚಿ ಎಂದು ನನಗೆ ಹೇಳಿಕೊಟ್ಟವರು ಆ ಮನೆಯ ಅಮ್ಮ, ಬೇಲಿಯಾಚೆ ನಿಂತು, ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ.

ದಸರೆಗೆ ಮೈಸೂರಿಗೆ ಹೋದೆ. ತಂಗಿಯ ಮನೆಯಲ್ಲಿ ಗೊಂಬೆ ಕೂರಿಸಿದ್ದರು. ಕೆಳಗಿನ ಮೆಟ್ಟಿಲಲ್ಲಿ ಶೆಟ್ಟಿ ಶೆಟ್ಟಮ್ಮ ದಿನಸಿ ಹರಡಿಕೊಂಡು ಕೂತಿದ್ದರು. ಬಿಳಿ ಪಂಚೆಯ ಅಂಚು ಸ್ವಲ್ಪ ಸರಿದಿತ್ತು. ಅದರ ಕೆಳಗೆ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಓವನಿನ ಚಿತ್ರ. ನಾನು ಕಾಸರಗೋಡಿನಲ್ಲಿ ಬೆರಳು ಮಾಡಿದ್ದೆನಲ್ಲ, ಅದೇ ಜಾತಿಯದು. ಹಿಂದಿನ ದೀಪಾವಳಿಯಲ್ಲಿ ಹಳೆಯ ಮಿಕ್ಸಿ ಕೊಟ್ಟು ರಿಯಾಯಿತಿಯಲ್ಲಿ ತಂದದ್ದಂತೆ. ಎಷ್ಟು ಸಲ ಹಚ್ಚಿದ್ದೀಯ ಎಂದೆ. ಬೆರಳು ಮಡಚಿ ಎಣಿಸಿ, ನಾಲ್ಕು ಸಲ ಎಂದಳು. ಮೂರು ಸಲ ಕೇಕು, ಒಂದು ಸಲ ನೆಂಟರಿಗೆ ತೋರಿಸಲು. ತಿರುಗುವ ಕಂಬಿಯ ಪ್ಲಾಸ್ಟಿಕ್ ಬಿಚ್ಚಿರಲೇ ಇಲ್ಲ. ಅವರೂ ಕೋಳಿ ತಿನ್ನುವವರಲ್ಲ.

“ಕರೆಂಟು ಬಿಟ್ಟಿ ಅಲ್ಲವೇ, ಹಚ್ಚುವುದಕ್ಕೇನು?” ಎಂದು ಚುಚ್ಚಿದೆ.

“ಹಚ್ಚಿದರೆ ಸೊನ್ನೆ ಹೋಗುತ್ತದಣ್ಣ.”

ಕರ್ನಾಟಕದಲ್ಲಿ ಬಿಟ್ಟಿ ಕರೆಂಟು ಕೊಡುವ ಗೃಹಜ್ಯೋತಿ ಯೋಜನೆಯ ಲೆಕ್ಕವನ್ನು ಆಗ ವಿವರಿಸಿದಳು. 200 ಯೂನಿಟ್ ಎಂದರೆ ಎಲ್ಲರಿಗೂ 200 ಅಲ್ಲ. 2022–23ರಲ್ಲಿ ಆ ಮನೆ ಬಳಸಿದ ಸರಾಸರಿ, ಅದರ ಮೇಲೆ ಒಂದಿಷ್ಟು. ಮೀರಿದರೆ ಮೀರಿದ್ದಕ್ಕೆ ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲು. ಆ ವರ್ಷ ಅವಳ ಮನೆಯಲ್ಲಿ ಓವನ್ ಇರಲಿಲ್ಲ. ಅವಳ ಸರಾಸರಿಯಲ್ಲಿ ಅದಕ್ಕೆ ಜಾಗವಿಲ್ಲ. ಹಾಗಾಗಿ ಅದರ ಜಾಗ ಶೆಟ್ಟಮ್ಮನ ಕೆಳಗೆ.

ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಮೀರಿದ್ದಕ್ಕೆ ತಿಂಗಳಿಗೆ ನೂರೋ ನೂರೈವತ್ತೋ ಕಟ್ಟಿದರೆ ಮುಗಿಯುತ್ತಿತ್ತು. ಸೊನ್ನೆಯ ಅಂದ ಕೆಡುತ್ತದೆಂದು ಸಾವಿರಾರು ರೂಪಾಯಿಯ ಯಂತ್ರವನ್ನು ಮುಚ್ಚಿಟ್ಟಿದ್ದಾಳೆ. ಇದು ಬಿಲ್ಲಿನ ದೋಷವೂ ಅಲ್ಲ, ನಮ್ಮ ಮನೆಯ ಹಳೆಯ ಜಾಡ್ಯ. ಅಪ್ಪನ ರೇಡಿಯೊಗೆ ಕಸೂತಿ ಹಾಕಿದ ಮುಸುಕಿತ್ತು. ಕ್ರಿಕೆಟ್ ಇದ್ದ ದಿನ ಮಾತ್ರ ಅದರ ಮುಖ ಕಾಣುತ್ತಿತ್ತು. ಫ್ರಿಜ್ಜಿನ ಹಿಡಿಕೆಗೆ ಕರವಸ್ತ್ರ, ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಚೀಲ. ನೆಂಟರಿಗೆಂದು ಎತ್ತಿಟ್ಟ ಪಿಂಗಾಣಿ ಬಟ್ಟಲಿನಲ್ಲಿ ನಾವು ಒಮ್ಮೆಯೂ ಪಾಯಸ ಕುಡಿಯಲಿಲ್ಲ. ಆಯುಧಪೂಜೆಯ ದಿನ ತಂಗಿ ಓವನಿನ ರಟ್ಟಿನ ಪೆಟ್ಟಿಗೆಗೂ ಕುಂಕುಮ ಇಟ್ಟಳು. ಪೆಟ್ಟಿಗೆಗೆ! ಬದಿಯಡ್ಕದಲ್ಲಿ ಗಲ್ಫಿನಿಂದ ಬಂದ ಪೆಟ್ಟಿಗೆಯನ್ನು ಅದೇ ರಾತ್ರಿ ಕತ್ತಿಯಲ್ಲಿ ಸೀಳುತ್ತಾರೆ. ಮರುದಿನ ರಟ್ಟು ಬಚ್ಚಲೊಲೆಗೆ ಹೋಗುತ್ತದೆ. ಇದನ್ನೆಲ್ಲ ಅವಳಿಗೆ ಹೇಳಿದೆ, ಸ್ವಲ್ಪ ದನಿ ಏರಿಸಿಯೇ.

ಅವಳು ಜಗಳವಾಡಲಿಲ್ಲ. ಅತ್ತೆ ಕೊಟ್ಟು ಕಳಿಸಿದ್ದ ಹಲಸಿನ ಹಪ್ಪಳದ ಕಟ್ಟು ಬಿಚ್ಚಿ, ಒಲೆಯ ಮೇಲೆ ಬಾಣಲೆ ಇಟ್ಟು, ಎಣ್ಣೆ ಸುರಿದಳು. ಕಾದ ಎಣ್ಣೆಗೆ ಬಿದ್ದ ಹಪ್ಪಳ ಸುಯ್ಯೆಂದು ಅರಳಿ, ಬಾಣಲೆಯ ಅಂಚಿಗೆ ಅಗಲವಾಯಿತು. ಐದು ತಿಂದೆ. ಜಾಲರಿಯ ಕೆಳಗೆ ಬೆಂದದ್ದು ಇದರ ಹತ್ತಿರಕ್ಕೂ ಬರುವುದಿಲ್ಲ ಎಂಬುದನ್ನು ಅವಳೆದುರು ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಆರನೆಯದನ್ನು ಅಮ್ಮನಿಗೆ ಕೊಡಲು ಒಳಗೆ ಹೋದೆ. ಮಂಚದ ಪಕ್ಕದ ಗೂಡಿನಲ್ಲಿ ಮಾತ್ರೆ, ಮೊಣಕಾಲಿಗೆ ಹಚ್ಚುವ ಎಣ್ಣೆ, ಒಂದು ಹಳೆಯ ಬಿಸ್ಕತ್ತಿನ ಡಬ್ಬಿ. ಕರೆಂಟಿಗೆ ಕಟ್ಟುತ್ತಿದ್ದ ಎಂಟುನೂರು ರೂಪಾಯಿಯನ್ನು ತಂಗಿ ಪ್ರತಿ ತಿಂಗಳೂ ಆ ಡಬ್ಬಿಗೆ ಹಾಕುತ್ತಾಳೆ, ಔಷಧದ ಖರ್ಚು ಅದರಿಂದಲೇ ನಡೆಯುತ್ತದೆ ಎಂದು ಅಮ್ಮ ಹೇಳಿದರು. ಅಮ್ಮ ಇರುವುದು ಅವಳ ಮನೆಯಲ್ಲಿ, ನನ್ನ ಮನೆಯಲ್ಲಿ ಅಲ್ಲ. ಸೊನ್ನೆಯ ಸುತ್ತ ಅವಳು ಕೆಂಪು ಸುತ್ತು ಹಾಕಿದ್ದರ ಬಗ್ಗೆ ಆಮೇಲೆ ನಾನು ಏನೂ ಅನ್ನಲಿಲ್ಲ.

ವಿಜಯದಶಮಿ ಕಳೆದು ಗೊಂಬೆಗಳನ್ನು ಮಲಗಿಸಿ ಪೆಟ್ಟಿಗೆಗೆ ತುಂಬಿದ ಮೇಲೆ ಮೆಟ್ಟಿಲೂ ಬಿಚ್ಚಿತು. ತಂಗಿ ಓವನನ್ನು ನನ್ನ ಮುಂದೆ ತಳ್ಳಿ, “ನಿನ್ನಲ್ಲಾದರೂ ಉರಿಯಲಿ, ತೆಗೆದುಕೊಂಡು ಹೋಗು. ಮುಂದಿನ ದಸರೆಗೆ ಪೆಟ್ಟಿಗೆ ಮಾತ್ರ ವಾಪಸ್ ತಾ, ಅಳತೆಗೆ ಸರಿಯಾಗಿದೆ” ಎಂದಳು. ಬೇಡವೆಂದು ಎರಡು ಸಲ ಹೇಳಿ ಮೂರನೆಯ ಸಲ ಒಪ್ಪಿದೆ. ಮಡಿಕೇರಿ, ಸಂಪಾಜೆ, ಸುಳ್ಯ, ಅಲ್ಲಿಂದ ಮುಳ್ಳೇರಿಯ ದಾರಿಯಾಗಿ, ತಿರುವಿನಲ್ಲೆಲ್ಲ ಪೆಟ್ಟಿಗೆಯನ್ನು ಕಾಲಿನಿಂದ ಒತ್ತಿ ಹಿಡಿದು ಮನೆ ತಲುಪುವಾಗ ಕತ್ತಲಾಗಿತ್ತು.

ಮಾವ ಜಗಲಿಯಲ್ಲಿ ಕೂತು ಮಳೆ ನೋಡುತ್ತಿದ್ದರು. ಅಂಗಳದ ಮೊದಲ ಕೊಯ್ಲಿನ ಅಡಿಕೆಯ ಮೇಲೆ ಟಾರ್ಪಾಲು ಹೊದಿಸಿತ್ತು. ಪೆಟ್ಟಿಗೆಯ ಮೇಲಿನ ಚಿತ್ರವನ್ನು ಕನ್ನಡಕ ಏರಿಸಿ ನೋಡಿದರು.

“ಎರಡೂ ಸೇರಿದರೆ ಎಷ್ಟು ಅಡಿಕೆ ಹಿಡಿದೀತು?”