ಕೆಟ್ಟಿದೆ ಅನ್ನಬೇಡಿ, ‘ವಿನ್ಯಾಸದಂತೆ ನಡೆದುಕೊಳ್ಳುತ್ತಿಲ್ಲ’ ಅನ್ನಿ

2008ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ತನ್ನ ಎಂಜಿನಿಯರ್‌ಗಳಿಗೆ ಒಂದು ಪಾಠ ಮಾಡಿತು. ಕಾರು ಕಟ್ಟುವ ಪಾಠ ಅಲ್ಲ, ಬರೆಯುವ ಪಾಠ. ಕಾರಿನಲ್ಲಿ ಏನಾದರೂ ಎಡವಟ್ಟು ಕಂಡರೆ ಅದನ್ನು ವರದಿಯಲ್ಲಿ ಹೇಗೆ ಬರೆಯಬಾರದು ಅಂತ. ಅದಕ್ಕೊಂದು ಸ್ಲೈಡ್. ಸ್ಲೈಡಿನಲ್ಲಿ ಬಳಸಬಾರದ ಮಾತುಗಳ ಪಟ್ಟಿ. ಒಟ್ಟು 69.

ಪಟ್ಟಿ ಓದುತ್ತಾ ಹೋದರೆ ಇದನ್ನು ಮಾಡಿದವರು ಕಾರು ಕಂಪನಿಯವರೋ ಅಥವಾ ದೆವ್ವದ ಕಥೆ ಬರೆಯುವವರೋ ಅನ್ನಿಸುತ್ತದೆ. ‘ಸಾವಿನ ಬಲೆ’ ಅನ್ನಬಾರದು. ‘ಉರುಳುವ ಶವಪೆಟ್ಟಿಗೆ’ ಅನ್ನಬಾರದು. ‘ಹೆಂಗಸರನ್ನು ವಿಧವೆ ಮಾಡುವ ಗಾಡಿ’ ಅನ್ನಲೇಬಾರದು. ‘ತಲೆ ಕಡಿಯುವ’, ‘ಕರುಳು ಕೀಳುವ’, ‘ಟೈಟಾನಿಕ್’, ‘ಹಿಂಡೆನ್‌ಬರ್ಗ್’ (ಹೊತ್ತಿ ಉರಿದ ವಾಯುನೌಕೆ) ಇವೂ ಬೇಡ. ಬೈಬಲಿನ ವಾಸನೆ ಬರುವ ಯಾವ ಮಾತೂ ಬೇಡ. ನನಗೆ ಬಂದ ಸಂಶಯ ಇಷ್ಟೇ. ಯಾರೂ ಬರೆಯದ ಮಾತನ್ನು ಯಾರೂ ನಿಷೇಧಿಸುವುದಿಲ್ಲ, ಅಲ್ವಾ? ಯಾವನೋ ಒಬ್ಬ ಎಂಜಿನಿಯರ್ ಸಂಜೆ ಹೊತ್ತು ಒಂದು ಕಾರಿನ ತಪಾಸಣೆ ಮುಗಿಸಿ, ಬೇಸರದಿಂದ ‘ಇದು ಉರುಳುವ ಶವಪೆಟ್ಟಿಗೆ’ ಅಂತ ಟೈಪ್ ಮಾಡಿರಬೇಕು. ಮೇಲಿನವರು ಅದನ್ನು ಓದಿರಬೇಕು. ಓದಿ, ಕಾರನ್ನು ಸರಿ ಮಾಡುವ ಬದಲು ಕನ್ನಡ ಮೇಷ್ಟ್ರ ಹಾಗೆ ಕೆಂಪು ಪೆನ್ನು ತೆಗೆದಿರಬೇಕು.

ಭಯಂಕರ ಮಾತುಗಳನ್ನು ಬಿಡಿ. ‘ಸಮಸ್ಯೆ’ ಕೂಡ ಆ ಪಟ್ಟಿಯಲ್ಲಿತ್ತು. ‘ಗಂಭೀರ’, ‘ಕೆಟ್ಟ’, ‘ಅಪಾಯಕಾರಿ’ ಇದ್ದವು. ‘ಯಾವಾಗಲೂ’ ಇತ್ತು, ‘ಎಂದಿಗೂ ಇಲ್ಲ’ ಅನ್ನುವುದೂ ಇತ್ತು. ‘ಸುರಕ್ಷತೆ’ ಕೂಡ ಇತ್ತು! ಬದಲಿಗೆ ಏನು ಬರೆಯಬೇಕು ಅಂತಲೂ ಹೇಳಿಕೊಟ್ಟಿದ್ದರು. ಸಮಸ್ಯೆ ಇದ್ದರೆ ‘ವಿಷಯ’ ಅನ್ನಿ, ‘ಸ್ಥಿತಿ’ ಅನ್ನಿ. ದೋಷ ಇದ್ದರೆ ‘ವಿನ್ಯಾಸದಂತೆ ನಡೆದುಕೊಳ್ಳುತ್ತಿಲ್ಲ’ ಅನ್ನಿ. ಎಂಥಾ ಮರ್ಯಾದೆಯ ಮಾತು ನೋಡಿ. ತಪ್ಪು ಕಂಪನಿಯದಲ್ಲ. ಕಂಪನಿ ಚೆನ್ನಾಗಿಯೇ ವಿನ್ಯಾಸ ಮಾಡಿತ್ತು. ಕಾರೇ ಹೇಳಿದ ಮಾತು ಕೇಳುತ್ತಿಲ್ಲ.

ಹಾಗೆ ಮಾತು ಕೇಳದಿದ್ದದ್ದು ಒಂದು ಸ್ವಿಚ್ಚು. ಷೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಮುಂತಾದ ಇದೇ ಕಂಪನಿಯ ಸಣ್ಣ ಕಾರುಗಳ ಕೀ ಹಾಕುವ ಸ್ವಿಚ್ಚು. ಅದರ ಹಿಡಿತ ಎಷ್ಟು ಸಡಿಲ ಅಂದರೆ ಮೊಣಕಾಲು ತಗುಲಿದರೆ, ಕೀಗೊಂಚಲು ಭಾರವಾದರೆ, ಗುಂಡಿಗೆ ಇಳಿದು ಗಾಡಿ ಕುಲುಕಿದರೆ ಕೀ ತಾನಾಗಿಯೇ ತಿರುಗಿಬಿಡುತ್ತಿತ್ತು. ಓಡುತ್ತಿರುವ ಕಾರಿನ ಎಂಜಿನ್ ಆಫ್. ಸ್ಟೀರಿಂಗ್ ಬಿಗಿ. ಇನ್ನೂ ದೊಡ್ಡ ವಿಚಿತ್ರ ಏನೆಂದರೆ ಏರ್‌ಬ್ಯಾಗಿಗೂ ಕರೆಂಟು ಹೋಗುತ್ತಿತ್ತು. ಗುದ್ದುವ ಹೊತ್ತಿಗೆ ಸರಿಯಾಗಿ ಏರ್‌ಬ್ಯಾಗಿಗೆ ರಜೆ. ಆ ಸ್ವಿಚ್ ಮಾಡಿದ ಎಂಜಿನಿಯರೇ 2002ರಲ್ಲಿ ಒಂದು ಇಮೇಲಿನ ಕೊನೆಗೆ ‘ಈ ನರಕದ ಸ್ವಿಚ್ಚಿನಿಂದ ಸಾಕಾಗಿಹೋಗಿದೆ’ ಅನ್ನುವ ಹಾಗೆ ಸಹಿ ಹಾಕಿದ್ದ. ಪಾಪ, ಆಗಿನ್ನೂ ಬರವಣಿಗೆಯ ಪಾಠ ಶುರುವಾಗಿರಲಿಲ್ಲ.

2005ರಲ್ಲಿ ಕಂಪನಿ ಡೀಲರುಗಳಿಗೆ ಒಂದು ಸೂಚನೆ ಕಳಿಸಿತು. ಗಿರಾಕಿ ದೂರು ತಂದರೆ, ಕೀಗೊಂಚಲಿನಿಂದ ಭಾರದ ವಸ್ತು ತೆಗೆಯಲು ಹೇಳಿ ಅಂತ. ಅಂದರೆ ತಪ್ಪು ಸ್ವಿಚ್ಚಿನದಲ್ಲ, ನಿಮ್ಮ ಮನೆಯ ಬೀರು ಕೀಯದ್ದು. ಓಡುವಾಗ ಎಂಜಿನ್ ನಿಲ್ಲುವುದಕ್ಕೆ ಇಂಗ್ಲಿಷಿನಲ್ಲಿ ‘ಸ್ಟಾಲ್’ ಅನ್ನುತ್ತಾರಲ್ಲ, ಆ ಪದವನ್ನು ಸೂಚನೆಯಲ್ಲಿ ಹಾಕಲಿಲ್ಲ. ಅದು ಬಿಸಿ ಪದವಂತೆ. ಸರ್ಕಾರದ ಕೈಗೆ ತಗುಲಿದರೆ ಸುಡುತ್ತದಂತೆ.

ಮುಂದೆ ನಡೆದದ್ದನ್ನು ಕಥೆಯಲ್ಲಿ ಬರೆದರೆ ಸಂಪಾದಕರು ‘ನಂಬೋ ಹಾಗಿಲ್ಲ’ ಅಂತ ವಾಪಸ್ ಕಳಿಸುತ್ತಾರೆ. 2006ರಲ್ಲಿ ಆ ಸ್ವಿಚ್ಚನ್ನು ಸರಿ ಮಾಡಿದರು. ಆದರೆ ಬಿಡಿಭಾಗದ ನಂಬರ್ ಬದಲಾಯಿಸಲಿಲ್ಲ. ಹಳೇ ಸ್ವಿಚ್ಚು, ಹೊಸ ಸ್ವಿಚ್ಚು ಎರಡಕ್ಕೂ ಒಂದೇ ನಂಬರ್. ಹೊಸ ಕಾರುಗಳಲ್ಲಿ ಈ ತೊಂದರೆ ಯಾಕಿಲ್ಲ ಅಂತ ಕಂಪನಿಯ ತನಿಖೆಯವರೇ ವರ್ಷಗಟ್ಟಲೆ ತಲೆ ಕೆರೆದುಕೊಂಡರು. ಕಳ್ಳತನವನ್ನು ಗುಟ್ಟಾಗಿ ಮಾಡುವವರನ್ನು ನೋಡಿದ್ದೇವೆ. ರಿಪೇರಿಯನ್ನೂ ಗುಟ್ಟಾಗಿ ಮಾಡಿದ್ದು ಇವರೇ ಇರಬೇಕು. ಕೊನೆಗೆ ಗುಟ್ಟು ಒಡೆದದ್ದು ಕಂಪನಿಯ ಮೇಲೆ ಕೇಸು ಹಾಕಿದ್ದ ಕುಟುಂಬದ ಕಡೆಯ ಎಂಜಿನಿಯರ್. ಎರಡು ಸ್ವಿಚ್ ತಂದು ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿದ, ಅಷ್ಟೇ.

2014ರಲ್ಲಿ ಎಲ್ಲ ಬಯಲಿಗೆ ಬಂತು. 26 ಲಕ್ಷ ಕಾರುಗಳನ್ನು ವಾಪಸ್ ಕರೆಸಿದರು. ಪರಿಹಾರ ನಿಧಿಯೇ ಒಪ್ಪಿಕೊಂಡ ಸಾವುಗಳು 124. ಇಲ್ಲಿ ನಗುವುದಕ್ಕೆ ಏನೂ ಇಲ್ಲ. ಆ ಬಿಡಿಭಾಗದ ಬೆಲೆ ಅಮೆರಿಕದ ಸಂಸತ್ತಿನಲ್ಲಿ ಚರ್ಚೆಗೆ ಬಂತು. 57 ಸೆಂಟ್. ಆಗಿನ ಲೆಕ್ಕದಲ್ಲಿ ಮೂವತ್ತೈದು ರೂಪಾಯಿಯೂ ಆಗದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರಲ್ಲ, ಇವರು ಆನೆಯನ್ನೂ ಕೊಟ್ಟು ನೋಡಿದರು. ಸಂತ್ರಸ್ತರ ನಿಧಿಗೆ ಸುಮಾರು 59 ಕೋಟಿ ಡಾಲರ್. ಕ್ರಿಮಿನಲ್ ತನಿಖೆ ಇತ್ಯರ್ಥಕ್ಕೆ ಮತ್ತೆ 90 ಕೋಟಿ ಡಾಲರ್.

ಇಷ್ಟಾದ ಮೇಲೆ ಕಂಪನಿ ತಾನೇ ವಕೀಲರನ್ನು ಇಟ್ಟು ಮುನ್ನೂರಕ್ಕೂ ಜಾಸ್ತಿ ಪುಟದ ವರದಿ ಬರೆಸಿತು. ಅದರಲ್ಲಿ ಎರಡು ಮುದ್ರೆಗಳ ವರ್ಣನೆ ಇದೆ. ಭರತನಾಟ್ಯದವರು ಗಮನಿಸಬೇಕು. ಒಂದು ‘ಜಿಎಂ ತಲೆದೂಗು’ (ಜಿಎಂ ಅಂದರೆ ಜನರಲ್ ಮೋಟಾರ್ಸ್). ಮೀಟಿಂಗಿನಲ್ಲಿ ಎಲ್ಲರೂ ‘ಹೌದು, ಮಾಡೋಣ’ ಅಂತ ತಲೆ ಆಡಿಸುವುದು, ಬಾಗಿಲು ದಾಟಿದ ಮೇಲೆ ಯಾರೂ ಏನೂ ಮಾಡದಿರುವುದು. ಇನ್ನೊಂದು ‘ಜಿಎಂ ಸೆಲ್ಯೂಟ್’. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿ, ಬೆರಳನ್ನು ಮಾತ್ರ ಆಚೆಯವನ ಕಡೆ ತೋರಿಸುವುದು. ನನ್ನದಲ್ಲ, ಅವನದ್ದು ಅಂತ. ನಮ್ಮ ಕೆಲವು ಸರ್ಕಾರಿ ಕಚೇರಿಗಳಲ್ಲಿ ಈ ವಿದ್ಯೆ ಸ್ಲೈಡ್ ಇಲ್ಲದೆಯೇ ಬಾಯಿಪಾಠವಾಗಿ ಬಂದಿದೆ. ಅಮೆರಿಕದವರು ಅದಕ್ಕೊಂದು ಹೆಸರು ಇಟ್ಟರು, ಅಷ್ಟೇ.

ಆ 69 ಮಾತುಗಳ ಪಟ್ಟಿಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ‘ಕಾರ್ವೇರ್ ಥರದ್ದು’ ಅನ್ನುವ ಮಾತು. ಕಾರ್ವೇರ್ ಅನ್ನುವ ಕಾರು ಯಾರದ್ದು? ಅವರದ್ದೇ. ತಾವೇ ಹೆತ್ತ ಮಗುವಿನ ಹೆಸರನ್ನು ಬೈಗುಳದ ಪಟ್ಟಿಗೆ ಸೇರಿಸಿದ ಕಂಪನಿ ಬೇರೆ ಇದ್ದರೆ ಹೇಳಿ.

ಅದರ ಹಿಂದೆ ಒಂದು ಕಥೆ ಇದೆ. ಷೆವರ್ಲೆ ಕಾರ್ವೇರ್ 1960ರ ಮಾದರಿಯಾಗಿ ಬಂತು. ಎಂಜಿನ್ ಹಿಂದೆ. ತಿರುವಿನಲ್ಲಿ ಹಿಂದಿನ ಚಕ್ರಗಳು ಒಳಕ್ಕೆ ಮಡಚಿಕೊಂಡು ಕಾರು ಪಲ್ಟಿ ಹೊಡೆಯುತ್ತದೆ ಅಂತ ದೂರುಗಳು ಬಂದವು. 1965ರಲ್ಲಿ ರಾಲ್ಫ್ ನೇಡರ್ ಅನ್ನುವ ಯುವ ವಕೀಲ ಕಾರುಗಳ ಸುರಕ್ಷತೆ ಬಗ್ಗೆ ಒಂದು ಪುಸ್ತಕ ಬರೆದ. ಮೊದಲ ಅಧ್ಯಾಯವೇ ಕಾರ್ವೇರ್. ಆಗ ಜನರಲ್ ಮೋಟಾರ್ಸ್ ಅಂದರೆ ಜಗತ್ತಿನ ಅತಿ ದೊಡ್ಡ ಕಾರು ಕಂಪನಿ. ಎದುರಿಗಿದ್ದವನ ಹತ್ತಿರ ಸ್ವಂತದ್ದೊಂದು ಕಾರೂ ಇರಲಿಲ್ಲ. ಸುಮ್ನೆ ಇದ್ದಿದ್ದರೆ ಆರು ತಿಂಗಳಲ್ಲಿ ಜನ ಮರೆಯುತ್ತಿದ್ದರೋ ಏನೋ.

ಸುಮ್ಮನಿರಲಿಲ್ಲ. ಕಾರಿನ ಹಿಂದಿನ ಚಕ್ರ ಪರೀಕ್ಷೆ ಮಾಡುವ ಬದಲು ಬರೆದವನ ನಡತೆ ಪರೀಕ್ಷೆಗೆ ಪತ್ತೇದಾರರನ್ನು ಬಿಟ್ಟರು. ಅವನ ಪರಿಚಯದವರನ್ನು ಹಿಡಿದು ಕೇಳಿದರು. ರಾಜಕೀಯ ಯಾವುದು, ಧರ್ಮ ಏನು, ಮದುವೆ ಯಾಕಾಗಿಲ್ಲ. ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ. ಗುರುತಿಲ್ಲದ ಹೆಣ್ಣುಮಕ್ಕಳು ಅಂಗಡಿಯಲ್ಲಿ ಬಂದು ಮಾತಾಡಿಸತೊಡಗಿದರು ಅಂತ ನೇಡರ್ ಹೇಳಿದ. ಪತ್ತೇದಾರರು ಎಷ್ಟು ಚುರುಕು ಅಂದರೆ ಅವನನ್ನು ಹಿಂಬಾಲಿಸುತ್ತಾ ಸೆನೆಟ್ ಕಟ್ಟಡದೊಳಗೇ ಹೋಗಿ ಕಾವಲಿನವರ ಕೈಗೆ ಸಿಕ್ಕಿಬಿದ್ದರು. 1966ರ ಮಾರ್ಚ್‌ನಲ್ಲಿ ಕಂಪನಿಯ ಅಧ್ಯಕ್ಷ ಜೇಮ್ಸ್ ರೋಷ್ ಸೆನೆಟ್ ಸಮಿತಿಯ ಮುಂದೆ ಕೂತು, ಟಿವಿ ಕ್ಯಾಮೆರಾಗಳ ಎದುರಿಗೆ ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ಅಮೆರಿಕದಲ್ಲಿ ವಾಹನ ಸುರಕ್ಷತಾ ಕಾನೂನು ಬಂತು. ನೇಡರ್ ಕೇಸು ಹಾಕಿದ. 1970ರಲ್ಲಿ 4,25,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು. ಆ ದುಡ್ಡನ್ನು ಅವನು ಇಂಥ ಕಂಪನಿಗಳ ಮೇಲೆ ಕಣ್ಣಿಡುವ ಕೆಲಸಕ್ಕೇ ಹಾಕಿದ.

ಇದಕ್ಕಿಂತ ಮಜಾ ಇರುವುದು ಮುಂದೆ. 1972ರಲ್ಲಿ ಸರ್ಕಾರದ ಸುರಕ್ಷತಾ ಇಲಾಖೆಯೇ ಕಾರ್ವೇರನ್ನು ಬೇರೆ ಕಾರುಗಳ ಜೊತೆ ಓಡಿಸಿ ನೋಡಿತು. ಆ ಕಾಲದ ಬೇರೆ ಕೆಲವು ಕಾರುಗಳಿಗಿಂತ ಇದು ಕೆಟ್ಟದ್ದೇನಲ್ಲ ಅಂತ ವರದಿ ಕೊಟ್ಟಿತು. ಅಂದರೆ ಸ್ವಲ್ಪ ತಾಳ್ಮೆ ಇದ್ದಿದ್ದರೆ ಗೆಲ್ಲಬಹುದಾಗಿದ್ದ ವಾದ ಅದು! ಆದರೆ ಕಾರು 1969ರಲ್ಲೇ ನಿಂತುಹೋಗಿತ್ತು. ಪತ್ತೇದಾರರ ಕಥೆ ಮಾತ್ರ ಉಳಿಯಿತು.

ಈ ಚಾಳಿ ಇನ್ನೂ ಹಳೆಯದು. 1921ರಲ್ಲಿ ಇದೇ ಕಂಪನಿಯ ಲ್ಯಾಬಿನಲ್ಲಿ ಥಾಮಸ್ ಮಿಜ್ಲಿ, ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತ ಬೆರೆಸಿದರೆ ಎಂಜಿನ್ ಬಡಿದುಕೊಳ್ಳುವುದು ನಿಲ್ಲುತ್ತದೆ ಅಂತ ಕಂಡುಹಿಡಿದ. ಸೀಸ ವಿಷ ಅನ್ನುವುದು ಆಗಲೂ ಗೊತ್ತಿದ್ದ ಸಂಗತಿ. ಏನು ಮಾಡಿದರು? ‘ಈಥೈಲ್’ ಅಂತ ಹೆಸರಿಟ್ಟರು. ಸೀಸ ಅನ್ನುವ ಮಾತೇ ಇಲ್ಲ. ಕೇಳಿದರೆ ಯಾರೋ ಒಳ್ಳೇ ಮನೆತನದ ಹೆಣ್ಣುಮಗಳು ಅನ್ನಿಸಬೇಕು. 1924ರಲ್ಲಿ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕೆಲಸಗಾರರು ಬುದ್ಧಿಭ್ರಮಣೆಯಾಗಿ ಸತ್ತರು. ಮಿಜ್ಲಿ ಪತ್ರಕರ್ತರನ್ನು ಕರೆದು, ಅವರ ಮುಂದೆಯೇ ಆ ದ್ರವದಲ್ಲಿ ಕೈ ತೊಳೆದು, ಮೂಸಿ ತೋರಿಸಿದ. ನೋಡಿ, ಏನೂ ಆಗುವುದಿಲ್ಲ ಅಂತ. ಸೀಸದ ವಿಷ ಏರಿ ಅವನೇ ಹಿಂದಿನ ವರ್ಷ ರಜೆ ಹಾಕಿ ಸುಧಾರಿಸಿಕೊಂಡು ಬಂದಿದ್ದ. ಆ ವಿಷಯ ಮಾತ್ರ ಅಂದು ಬಾಯಿಗೆ ಬರಲಿಲ್ಲ. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಜಗತ್ತಿನ ಕೊನೆಯ ಬಂಕಿನಲ್ಲಿ, ಅಲ್ಜೀರಿಯಾದಲ್ಲಿ, 2021ರಲ್ಲಿ. ನೂರು ವರ್ಷ ಬಾಳಿದ ಹೆಸರು!

ಇಂಥ ಕಂಪನಿಗೆ ತನ್ನ ಬಗ್ಗೆ ಅಭಿಮಾನ ಕಡಿಮೆ ಇರುವುದುಂಟೇ? ಅದರ ಮುಖ್ಯಸ್ಥ ಚಾರ್ಲ್ಸ್ ವಿಲ್ಸನ್ 1953ರಲ್ಲಿ ಅಮೆರಿಕದ ರಕ್ಷಣಾ ಮಂತ್ರಿಯಾಗಲು ಹೊರಟ. ಸೆನೆಟರುಗಳು ದೇಶದ ಹಿತ ದೊಡ್ಡದೋ ಕಂಪನಿಯ ಹಿತ ದೊಡ್ಡದೋ ಅಂತ ಕೇಳಿದರು. ದೇಶಕ್ಕೆ ಒಳ್ಳೆಯದಾದದ್ದು ಜನರಲ್ ಮೋಟಾರ್ಸಿಗೂ ಒಳ್ಳೆಯದು, ಅದು ತಿರುಗುಮುರುಗಾದರೂ ನಿಜ ಅನ್ನುವ ಅರ್ಥದಲ್ಲಿ ಅವನು ಉತ್ತರ ಕೊಟ್ಟ.

ತಿರುಗುಮುರುಗು ಆದದ್ದು 2008ರಲ್ಲಿ. ಕಂಪನಿಯ ಹತ್ತಿರ ದುಡ್ಡು ಖಾಲಿಯಾಗುತ್ತಾ ಬಂದಿತ್ತು. ನವೆಂಬರಿನಲ್ಲಿ ಡೆಟ್ರಾಯಿಟ್‌ನ ಮೂರೂ ದೊಡ್ಡ ಕಂಪನಿಗಳ ಯಜಮಾನರು ವಾಷಿಂಗ್ಟನ್ನಿಗೆ ಹೋಗಿ ಸಾಲ ಕೇಳಿದರು. ಹೋದದ್ದು ಹೇಗೆ? ಮೂವರೂ ಬೇರೆ ಬೇರೆ ಖಾಸಗಿ ಜೆಟ್‌ನಲ್ಲಿ. ಕಾರು ಮಾಡುವವರು ಸ್ವಾಮಿ! ಸಂಸದರು ಛೀಮಾರಿ ಹಾಕಿದ ಮೇಲೆ ಡಿಸೆಂಬರಿನಲ್ಲಿ ಮತ್ತೆ ಬಂದರು, ಈ ಸಲ ಹೈಬ್ರಿಡ್ ಕಾರಿನಲ್ಲಿ, ಡೆಟ್ರಾಯಿಟ್‌ನಿಂದ ರಸ್ತೆ ಮೇಲೆ. ಬಹುಶಃ ತಮ್ಮ ಕಾರಿನಲ್ಲಿ ಅಷ್ಟು ದೂರ ಕೂತದ್ದು ಅದೇ ಮೊದಲು. ಈ ನಡುವೆ ಜನರಲ್ ಮೋಟಾರ್ಸ್ ಇನ್ನೊಂದು ಜಾಣತನವನ್ನೂ ಮಾಡಿತ್ತು. ಬಾಡಿಗೆ ಜೆಟ್ ಎಲ್ಲೆಲ್ಲಿ ಹಾರುತ್ತಿದೆ ಅನ್ನುವುದು ಜನರಿಗೆ ಕಾಣದಂತೆ ಮಾಡಿ ಅಂತ ವಿಮಾನ ಇಲಾಖೆಗೆ ಅರ್ಜಿ ಹಾಕಿತ್ತು.

2009ರ ಜೂನ್ 1ರಂದು ದಿವಾಳಿ ಅರ್ಜಿ ಬಿತ್ತು. ಸರ್ಕಾರ ಹಾಕಿದ ದುಡ್ಡು ಸುಮಾರು 4,950 ಕೋಟಿ ಡಾಲರ್. ಬದಲಿಗೆ ಶೇಕಡಾ 60ಕ್ಕೂ ಜಾಸ್ತಿ ಪಾಲು. 2013ರ ಕೊನೆಗೆ ಎಲ್ಲ ಷೇರು ಮಾರಿದಾಗ ಸಾವಿರ ಕೋಟಿ ಡಾಲರಿಗೂ ಹೆಚ್ಚು ಖೋತಾ. ಲಕ್ಷಾಂತರ ಜನರ ಕೆಲಸ ಉಳಿಯಿತು, ಅದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ವಿಲ್ಸನ್ ಹೇಳಿದ ಒಳ್ಳೆಯದರಲ್ಲಿ ದೇಶದ ಪಾಲು ಎಷ್ಟು ಅಂತ ಅವತ್ತು ಲೆಕ್ಕ ಸಿಕ್ಕಿತು.

ದಿವಾಳಿಯಿಂದ ಎರಡು ಕಂಪನಿ ಹುಟ್ಟಿದವು. ಒಳ್ಳೇ ಕಾರ್ಖಾನೆ, ಒಳ್ಳೇ ಬ್ರ್ಯಾಂಡ್ ಎಲ್ಲ ‘ಹೊಸ ಜಿಎಂ’ಗೆ. ಸಾಲ, ಬೇಡದ ಕಾರ್ಖಾನೆ, ಹಳೇ ಕೇಸು ಎಲ್ಲ ‘ಹಳೇ ಜಿಎಂ’ಗೆ. ಹಳೆಯದರ ಹೆಸರನ್ನೂ ಬದಲಾಯಿಸಿದರು, ಮೋಟಾರ್ಸ್ ಲಿಕ್ವಿಡೇಷನ್ ಕಂಪನಿ ಅಂತ. (ಹಳೆಯದನ್ನು ಕಳಚುವುದರಲ್ಲಿ ಇವರ ಕೈ ಮೊದಲಿನಿಂದಲೂ ಪಳಗಿದೆ. 1908ರಲ್ಲಿ ಕಂಪನಿ ಕಟ್ಟಿದ ವಿಲಿಯಂ ಡ್ಯುರಾಂಟ್‌ನನ್ನೇ 1910ರಲ್ಲಿ ಒಮ್ಮೆ, 1920ರಲ್ಲಿ ಇನ್ನೊಮ್ಮೆ ಹೊರಗೆ ಹಾಕಿದ್ದರು. ಕೊನೆಗಾಲದಲ್ಲಿ ಅವನು ಫ್ಲಿಂಟ್ ಊರಿನಲ್ಲಿ ಬೌಲಿಂಗ್ ಆಟದ ಮನೆ ನಡೆಸುತ್ತಿದ್ದ.) ಸ್ವಿಚ್ಚಿನ ಕೇಸುಗಳು ಬಂದಾಗ ಹೊಸ ಜಿಎಂ ಕೋರ್ಟಿನಲ್ಲಿ ಹೇಳಿತು, ಆ ಕಾರು ಮಾಡಿದ್ದು ನಾವಲ್ಲ, ಹಳಬರು. ಅದೇ ಕಟ್ಟಡ, ಅದೇ ಎಂಜಿನಿಯರ್‌ಗಳು, ಗೋಡೆಯ ಮೇಲೆ ಅದೇ ಲೋಗೋ. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ನಿಮಗೆ ಮೊದಲೇ ಗೊತ್ತಿದ್ದದ್ದನ್ನು ಕಾರಿನವರಿಗೆ ತಿಳಿಸದೆ ದಿವಾಳಿಯ ನೆರಳಿಗೆ ಹೋದರೆ ಹೇಗೆ ಅಂತ ಕೇಳಿತು.

ಇದೆಲ್ಲ ಅಮೆರಿಕದ ಮಾತು, ನಮಗೇನು ಅನ್ನುವವರು ಷೆವರ್ಲೆ ತವೇರಾ ನೆನಪು ಮಾಡಿಕೊಳ್ಳಿ. ಧರ್ಮಸ್ಥಳ, ಸುಬ್ರಹ್ಮಣ್ಯ, ಹೊರನಾಡು ಅಂತ ಒಂದೇ ಬಾಡಿಗೆಯಲ್ಲಿ ಇಡೀ ಮನೆಯವರನ್ನು ತುಂಬಿಕೊಂಡು ಘಾಟಿ ಹತ್ತಿದ ಗಾಡಿ. 2013ರಲ್ಲಿ ಕಂಪನಿ 1.14 ಲಕ್ಷ ತವೇರಾ ವಾಪಸ್ ಕರೆಸಿತು. ಕಾರಣ, ಸರ್ಕಾರದ ಹೊಗೆ ಪರೀಕ್ಷೆಗೆ ಗಾಡಿ ಕಳಿಸುವಾಗ ಒಳಗಿನ ಕೆಲವರು ಕಡಿಮೆ ಹೊಗೆಯ ಎಂಜಿನ್‌ಗಳನ್ನು ಆರಿಸಿ, ಅವನ್ನೇ ಕೂರಿಸಿ ಕಳಿಸುತ್ತಿದ್ದರು. ಅಧಿಕಾರಿಗಳ ಮುಂದೆ ಗಾಡಿ ಸಾಧು. ಶಿರಾಡಿ ಘಾಟಿಯಲ್ಲಿ ನಮ್ಮ ಹಿಂದೆ ಬಂದದ್ದು ಬೇರೆ ಎಂಜಿನ್. ಕಂಪನಿ ಒಪ್ಪಿಕೊಂಡಿತು, ಹಲವರನ್ನು ಕೆಲಸದಿಂದ ತೆಗೆಯಿತು. 2017ರಲ್ಲಿ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿ ಹೊರಟಿತು.

ತವೇರಾಗಳು ಅಲ್ಲಲ್ಲಿ ಇನ್ನೂ ಓಡುತ್ತಿವೆ. ಪರೀಕ್ಷೆಗೆ ಹೋಗಿ ಬಂದ ಆ ಎಂಜಿನ್‌ಗಳು ಆಮೇಲೆ ಯಾರ ಗಾಡಿ ಸೇರಿದವೋ ಗೊತ್ತಿಲ್ಲ. ಆ ಪುಣ್ಯಾತ್ಮರ ಎಮಿಷನ್ ಟೆಸ್ಟ್ ಮಾತ್ರ ಪ್ರತಿ ಸಲವೂ ಒಂದೇ ಏಟಿಗೆ ಪಾಸ್ ಆಗುತ್ತಿರಬೇಕು.