ಅಜ್ಜಿಯ ಕಾವಲಿ ಗುಜರಿಗೆ ಹೋಯಿತು

ಕಳೆದ ತಿಂಗಳು ಇಲ್ಲಿ ಅಮೆರಿಕದಲ್ಲಿ ಪಕ್ಕದ ಮನೆಯ ಮುದುಕಿ ತಮ್ಮ ಬೀಡಿನ, ಅಂದರೆ ಎರಕದ ಕಬ್ಬಿಣದ, ಬಾಣಲೆಯನ್ನು ನೋಡಲು ನನ್ನ ಕೈಗಿಟ್ಟರು. ಕಪ್ಪಗೆ, ಕನ್ನಡಿಯಷ್ಟು ನುಣ್ಣಗಿತ್ತು. ಹಿಂದೆ ‘ಗ್ರಿಸ್ವೋಲ್ಡ್, ಈರಿ’ ಅಂತ ಅಚ್ಚು. ಪೆನ್ಸಿಲ್ವೇನಿಯಾದ ಈರಿ ಊರಿನ ಆ ಗ್ರಿಸ್ವೋಲ್ಡ್ ಕಾರ್ಖಾನೆ 1957ರಲ್ಲೇ ಮುಚ್ಚಿತು. ಬಾಣಲೆ ಮಾತ್ರ ಇವತ್ತಿಗೂ ಒಲೆ ಮೇಲಿದೆ. “ನಮ್ಮಜ್ಜಿಯದು. ನಾನು ಹೋದಮೇಲೆ ಮೊಮ್ಮಗಳಿಗೆ ಅಂತ ಬರೆದಿಟ್ಟಿದ್ದೀನಿ” ಅಂದರು.

ಅವತ್ತು ರಾತ್ರಿ ಹಾಸನಕ್ಕೆ ಫೋನ್ ಮಾಡಿದೆ. ಅಜ್ಜಿಯ ದೋಸೆ ಕಾವಲಿ ಎಲ್ಲಿದೆ ಅಂತ ಅಮ್ಮನನ್ನು ಕೇಳಿದೆ. “ಅದಾ? ಗುಜರಿಯವನಿಗೆ ಹಾಕಿ ಎಷ್ಟೋ ವರ್ಷ ಆಯ್ತಲ್ಲೋ!” ನನಗೆ ಮಾತೇ ಹೊರಡಲಿಲ್ಲ.

ಆ ಕಾವಲಿಯ ಅಂಚು ಒಂದು ಕಡೆ ಚೂರು ಒಡೆದಿತ್ತು. ಬೀಡು ಹಾಗೇ, ಕೈಜಾರಿ ಬಿದ್ದರೆ ಬಗ್ಗುವುದಿಲ್ಲ, ಒಡೆಯುತ್ತದೆ. ಅಜ್ಜಿ ಬದನೆಕಾಯಿಯ ತೊಟ್ಟನ್ನು ಎಣ್ಣೆಯಲ್ಲಿ ಅದ್ದಿ ಸುತ್ತ ಸವರುತ್ತಿದ್ದರು. ಆಮೇಲೆ ನೀರು ಚಿಮುಕಿಸಿ, ಚುಂಯ್ ಅಂದಮೇಲೇ ಹಿಟ್ಟು. ಅದರ ಮೇಲೆ ಚಪಾತಿ ಹಾಕಲು ಯಾರಿಗೂ ಬಿಡುತ್ತಿರಲಿಲ್ಲ. ಅಷ್ಟು ವರ್ಷ ಪಳಗಿದ ಕಾವಲಿ ತೂಕದ ಲೆಕ್ಕದಲ್ಲಿ ಹೋಯಿತು. ಅದರ ಜಾಗಕ್ಕೆ ಬಂದ ನಾನ್‌ಸ್ಟಿಕ್ ತವಾದ ಲೇಪನ ಎರಡೇ ವರ್ಷಕ್ಕೆ ಎದ್ದು ಬಂತು.

ನಾನಿರುವುದು ಟೆನೆಸಿಯ ಚಟ್ಟನೂಗಾದಲ್ಲಿ. ಹತ್ತಿರದಲ್ಲೇ ಸೌತ್ ಪಿಟ್ಸ್‌ಬರ್ಗ್ ಅನ್ನೋ ಪುಟ್ಟ ಊರು. ಲಾಡ್ಜ್ ಕಂಪನಿ 1896ರಿಂದ ಅಲ್ಲಿ ಬೀಡಿನ ಪಾತ್ರೆ ಎರಕ ಹೊಯ್ಯುತ್ತಿದೆ. ಈ ಕಡೆಯವರು ಮೆಕ್ಕೆಜೋಳದ ರೊಟ್ಟಿಯನ್ನು ಇಂಥ ಬಾಣಲೆಯಲ್ಲೇ ಬೇಯಿಸಬೇಕು ಅಂತಾರೆ. ಆ ರೊಟ್ಟಿಗೆ ಅಂತಲೇ ಆ ಊರಲ್ಲಿ ಪ್ರತಿ ವಸಂತದಲ್ಲಿ ಜಾತ್ರೆಯೂ ನಡೆಯುತ್ತದೆ. ನಾನು ಅವರ ಅಂಗಡಿಗೇ ಹೋಗಿ ಹತ್ತೂವರೆ ಇಂಚಿನ ದುಂಡು ಕಾವಲಿ ತಂದೆ. ಸುಮಾರು ಎರಡು ಕಿಲೋ ತೂಕ. ಅಂಚು ತೀರಾ ಗಿಡ್ಡ, ಮಗುಚುವ ಕೈ ಸಲೀಸಾಗಿ ದೋಸೆಯ ಅಡಿಗೆ ಹೋಗುತ್ತದೆ. ದೊಡ್ಡದನ್ನು ತರಬಹುದಿತ್ತು. ಆದರೆ ನಮ್ಮ ಕರೆಂಟ್ ಒಲೆಯ ಸುರುಳಿ ಚಿಕ್ಕದು. ದೊಡ್ಡ ಕಾವಲಿಯಾದರೆ ದೋಸೆ ನಡುವೆ ಸೀದು ಅಂಚು ಹಸಿಯಾಗೇ ಉಳಿಯುತ್ತದೆ. ಬೀಡಿನಲ್ಲಿ ಕಾವು ಬೇಗ ಹರಡುವುದಿಲ್ಲ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಬೇಕು. ಒಮ್ಮೆ ಕಾದರೆ ಬೇಗ ಆರುವುದೂ ಇಲ್ಲ.

ಕಾರ್ಖಾನೆಯಲ್ಲೇ ಎಣ್ಣೆ ಸವರಿ ಸುಟ್ಟು ಕೊಟ್ಟಿರುತ್ತಾರೆ, ನಿಜ. ಆದರೂ ದೋಸೆಗೆ ಅಷ್ಟು ಸಾಲದು. ಮೂರು ವಾರ ದಿನಾ ತೆಳ್ಳಗೆ ಎಣ್ಣೆ ಒರೆಸಿ, ಹೊಗೆಯಾಡುವವರೆಗೆ ಕಾಯಿಸಿದೆ. ಎಣ್ಣೆ ಕಾದು ಗಟ್ಟಿಯಾಗಿ ಕಬ್ಬಿಣಕ್ಕೇ ಕಚ್ಚಿಕೊಳ್ಳಬೇಕು. ಅದೇ ಪಳಗುವುದು. ಜಾಸ್ತಿ ಸುರಿದರೆ ಅಂಟಂಟಾಗುತ್ತದೆ.

ನಮ್ಮೂರಲ್ಲಿ ಈಗ ಇದೇ ಬೀಡಿನ ಕಾವಲಿ ಚೆಂದದ ಡಬ್ಬಿಯಲ್ಲಿ ವಾಪಸ್ ಬಂದಿದೆ. ಮನೆಯದನ್ನು ಗುಜರಿಗೆ ಹಾಕಿದವರೇ ದುಡ್ಡು ಕೊಟ್ಟು ಕೊಳ್ಳುತ್ತಿದ್ದಾರೆ. ಹೊಟ್ಟೆ ಉರಿಯುತ್ತದೆ ಅಲ್ವಾ? ಬೆಳ್ಳಿ ಲೋಟ ಯಾರಿಗೆ, ತಾಮ್ರದ ಹಂಡೆ ಯಾರಿಗೆ ಅಂತ ನಮ್ಮ ಮನೆಯಲ್ಲಿ ಅಕ್ಕತಂಗಿಯರು ವರ್ಷಗಟ್ಟಲೆ ಮಾತು ಬಿಟ್ಟಿದ್ದಾರೆ. ದಿನಾ ಹೊಟ್ಟೆ ತುಂಬಿಸಿದ ಕಾವಲಿ ನನಗಿರಲಿ ಅಂತ ಒಬ್ಬರೂ ಕೇಳಲಿಲ್ಲ. ಈ ಒಂದು ವಿಷಯದಲ್ಲಿ ಇಲ್ಲಿಯವರು ನಮಗಿಂತ ಬಾಳುವೆ ಬಲ್ಲವರು.

ಇದನ್ನೇ ಅಮ್ಮನಿಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಮಣಿಕಟ್ಟು ಮುರಿದಿದ್ದ ವರ್ಷ ಅದನ್ನ ಎತ್ತೋಕೆ ಆಗ್ತಿರಲಿಲ್ಲ ಕಣೋ. ಒಂದು ಮಳೆಗಾಲ ಹಿತ್ತಲಲ್ಲಿ ಬಿದ್ದಿತ್ತು, ತುಕ್ಕು ತಿಂದಿತ್ತು” ಅಂದರು. ಪಕ್ಕದ ಮನೆಯವರು ಬಾಣಲೆ ಇಳಿಸುವುದು ಭಾನುವಾರಕ್ಕೊಮ್ಮೆ, ಒಬ್ಬರಿಗೆ. ನಮ್ಮಲ್ಲಿ ದಿನಾ ಬೆಳಿಗ್ಗೆ ಎಂಟು ಜನಕ್ಕೆ. ಆ ಕಾವಲಿಯನ್ನು ಉಜ್ಜಿದ್ದು, ಎತ್ತಿದ್ದು ಅಜ್ಜಿ, ಅಮ್ಮ. ನಾನು ತಿಂದಿದ್ದೆ, ಅಷ್ಟೇ. ಇದನ್ನು ಒಪ್ಪಲೇಬೇಕು.

ಚಿಕ್ಕಮ್ಮನ ಮನೆ ಅಟ್ಟದಲ್ಲಿ ಬೀಡಿನ ಪಡ್ಡಿನ ಹೆಂಚು ಒಂದಿದೆಯಂತೆ. ಡಿಸೆಂಬರಿಗೆ ಬಂದಾಗ ತಗೊಂಡು ಹೋಗ್ತೀನಿ, ಯಾರಿಗೂ ಕೊಡಬೇಡಿ ಅಂತ ಹೇಳಿಟ್ಟಿದ್ದೇನೆ.