ಸತ್ಯಾಂಶ: ಮೆಸ್ಸಿಗಿಂತ ಛೆಟ್ರಿ ಗೋಲು ಹೆಚ್ಚೇ?

‘ಗೋಲುಗಳಲ್ಲಿ ಸುನಿಲ್ ಛೆಟ್ರಿ ಮೆಸ್ಸಿಯನ್ನು ಮೀರಿಸಿದ್ದಾರೆ’ ಎಂಬ ವಾಟ್ಸ್ಆ್ಯಪ್ ಸಂದೇಶ ಈಗಲೂ ಹರಿದಾಡುತ್ತಿದೆ. ಹಳೆಯ ಸುದ್ದಿ, ಅದೂ ಅರ್ಧ.

2021ರ ಜೂನ್ 7ರಂದು ದೋಹಾದಲ್ಲಿ ಬಾಂಗ್ಲಾದೇಶದ ವಿರುದ್ಧ ಎರಡು ಗೋಲು ಹೊಡೆದ ಛೆಟ್ರಿ 74ಕ್ಕೇರಿದರು. ಆಗ ಮೆಸ್ಸಿ 72ರಲ್ಲಿದ್ದರು. ಆದರೆ ಇದು ದೇಶದ ಪರ ಹೊಡೆದ ಗೋಲುಗಳ ಲೆಕ್ಕ ಮಾತ್ರ. ಕ್ಲಬ್ ಗೋಲು ಸೇರಿಸಿದರೆ ಹೋಲಿಕೆಯೇ ನಿಲ್ಲದು: ಬಾರ್ಸಿಲೋನಾ ಒಂದಕ್ಕೇ ಮೆಸ್ಸಿ 672 ಹೊಡೆದಿದ್ದಾರೆ. ದೇಶದ ಪರವೂ ಅವರು 2023ರ ಮಾರ್ಚ್‌ನಲ್ಲೇ ನೂರು ದಾಟಿದರು.

ಎದುರಾಳಿ ತಂಡಗಳ ಮಟ್ಟ ಬೇರೆ ಎಂಬ ಆಕ್ಷೇಪ ನ್ಯಾಯವೇ. ಹಾಗೆಂದು ಛೆಟ್ರಿಯನ್ನು ಹಗುರವಾಗಿ ಕಾಣುವಂತಿಲ್ಲ. 2024ರ ಜೂನ್‌ನಲ್ಲಿ ನಿವೃತ್ತಿ ಹೇಳಿದಾಗ 151 ಪಂದ್ಯ, 94 ಗೋಲು. 2025ರ ಮಾರ್ಚ್‌ನಲ್ಲಿ ಮರಳಿ ಬಂದು ಮಾಲ್ಡೀವ್ಸ್ ವಿರುದ್ಧ 95ನೆಯದು. 2023ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಪಾಕಿಸ್ತಾನದ ವಿರುದ್ಧ ಹ್ಯಾಟ್ರಿಕ್ (ಎರಡು ಪೆನಾಲ್ಟಿ) ಹೊಡೆದಾಗ ಅವರಿಗೆ 38 ವರ್ಷ.